‘ಇನ್ನು 3 ನಿಮಿಷ’ ಅಂತ ಹೇಳಿ ಮರುಕ್ಷಣ 20 ನಿಮಿಷ ತೋರಿಸುವ ಡೌನ್‌ಲೋಡ್: ಲೆಕ್ಕ ತಪ್ಪುವುದು ಎಲ್ಲಿ?

1. ಕೊಡಿಯಾಲ್‌ಬೈಲ್ ಕೋಡರ್

ಡೌನ್‌ಲೋಡ್ ಪುಟವೊಂದಕ್ಕೆ ‘ಉಳಿದ ಸಮಯ’ ಬರೆಯಬೇಕಾಗಿದೆ. ಫೈಲುಗಳೆಲ್ಲ ದೊಡ್ಡವು, 2 ಜಿಬಿಯಿಂದ 30 ಜಿಬಿವರೆಗೆ. ಹೆಚ್ಚಿನವು ಇಡೀ ರಾತ್ರಿಯ ಯಕ್ಷಗಾನದ ವಿಡಿಯೊ. ಸದ್ಯದ ಲೆಕ್ಕ ಇಷ್ಟೆ: ಬಾಕಿ ಇರುವ ಬೈಟನ್ನು ಈ ಸೆಕೆಂಡಿನ ವೇಗದಿಂದ ಭಾಗಿಸುವುದು.

2,400 ಎಂಬಿ ಬಾಕಿ ಇರುವಾಗ ಸೆಕೆಂಡಿಗೆ ಬಂದದ್ದು ಎಂಬಿಯಲ್ಲಿ 12, 11, 2, 13, 0, 12. ಪರದೆ ಮೇಲೆ ಬಂದದ್ದು 200 ಸೆಕೆಂಡು, 218, 1,200, 185, ‘ಇನ್ಫಿನಿಟಿ’, ಪುನಃ 200. ನೋಡುವವರಿಗೆ ಮಂಡೆ ಬಿಸಿ. ಆರಂಭದಿಂದ ಈವರೆಗಿನ ಸರಾಸರಿ ಹಾಕಿದರೆ ಕುಣಿತ ನಿಲ್ಲುತ್ತದೆ, ಆದರೆ ವೇಗ ನಿಜವಾಗಿಯೂ ಬಿದ್ದು ಹೋದಾಗ ಕೂಡ ಅದು ಏನೂ ಆಗಿಲ್ಲ ಎಂಬ ಹಾಗೆ ಕೂತಿರುತ್ತದೆ. ನಡುವಿನ ದಾರಿ ಎಂತ ಉಂಟು?

2. ಪಡುಬಿದ್ರಿ ಪ್ಯಾಕೆಟ್

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಉಡುಪಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸು ಸುರತ್ಕಲ್‌ನಲ್ಲಿ ನಿಂತಿತು ಅಂತ ಇಟ್ಟುಕೊಳ್ಳಿ. ಆ ಹೊತ್ತಿಗೆ ವೇಗ ಸೊನ್ನೆ. ಹಾಗಂತ ‘ಉಡುಪಿ ಮುಟ್ಟಲಿಕ್ಕೇ ಇಲ್ಲ’ ಅಂತ ಕಂಡಕ್ಟರ್ ಹೇಳುವುದಿಲ್ಲ. ನಿಮ್ಮ ಲೆಕ್ಕ ಅದನ್ನೇ ಹೇಳುತ್ತಿದೆ.

ಎಕ್ಸ್‌ಪೊನೆನ್ಶಿಯಲ್ ಮೂವಿಂಗ್ ಆವರೇಜ್ ಹಾಕಿ. ಹಳೆಯ ಅಂದಾಜಿಗೆ 0.9 ತೂಕ, ಈಗಷ್ಟೇ ಅಳೆದ ವೇಗಕ್ಕೆ 0.1:

ಹೊಸ ಅಂದಾಜು = 0.9 × ಹಳೆಯ ಅಂದಾಜು + 0.1 × ಈಗಿನ ವೇಗ

ನಿಮ್ಮದೇ ಅಂಕಿಗಳಲ್ಲಿ 12ರಿಂದ ಶುರು ಮಾಡಿದರೆ 11.9, 10.9, 11.1, 10.0, 10.2 ಆಗುತ್ತದೆ. ಉಳಿದ ಸಮಯ 202 ಸೆಕೆಂಡು, 220, 216, 240, 235. ಹಳೆಯ ಅಳತೆಗಳ ಪಟ್ಟಿ ಇಟ್ಟುಕೊಳ್ಳಬೇಕಾಗಿಲ್ಲ, ಒಂದೇ ಸಂಖ್ಯೆ ನೆನಪಿದ್ದರೆ ಸಾಕು. ಫೈರ್‌ಫಾಕ್ಸ್ ಡೌನ್‌ಲೋಡ್ ವೇಗಕ್ಕೆ ಮಾಡುವುದೂ ಇದನ್ನೇ, ಅದೇ 0.1 ತೂಕದಲ್ಲಿ.

3. ಸಜ್ಜಿಗೆ ಬಜಿಲ್

ಪ್ಯಾಕೆಟ್ ಅವರು ಹೇಳಿದ್ದು ಸರಿ. ಆದರೆ ಆ 0.1 ಉಂಟಲ್ಲ, ಅದನ್ನು ಹಾಗೆಯೇ ಎತ್ತಿಕೊಂಡು ಹೋಗಿ ಹಾಕಿದರೆ ಕೆಡುತ್ತದೆ. ಅದರ ಅರ್ಥ ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತೀರಿ ಎಂಬುದರ ಮೇಲೆ ನಿಂತಿದೆ. 0.1 ತೂಕದಲ್ಲಿ ಹಳೆಯ ಮಾಹಿತಿಯ ಪ್ರಭಾವ ಅರ್ಧಕ್ಕೆ ಇಳಿಯಲು ಸುಮಾರು 6.6 ಅಳತೆ ಬೇಕು. ಸೆಕೆಂಡಿಗೊಮ್ಮೆ ಅಳೆದರೆ 6.6 ಸೆಕೆಂಡು; ಇದೇ ‘ಅರ್ಧಾಯು’. ಫೈರ್‌ಫಾಕ್ಸ್ ಹಾಗೆ 400 ಮಿಲಿಸೆಕೆಂಡಿಗೊಮ್ಮೆ ಅಳೆದರೆ 2.6 ಸೆಕೆಂಡು. ಬ್ರೌಸರ್‌ನಲ್ಲಿ ಡೇಟಾದ ತುಂಡು ಬಂದ ಹಾಗೆಲ್ಲ ಲೆಕ್ಕ ಓಡಿಸುವವರಿದ್ದಾರೆ; 50 ಮಿಲಿಸೆಕೆಂಡಿಗೊಂದು ತುಂಡು ಬಂದರೆ ಅರ್ಧಾಯು ಬರೀ 0.33 ಸೆಕೆಂಡು. ಅಂದರೆ ಸರಾಸರಿ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಮೇಲಾಗಿ ವೇಗ ಹೆಚ್ಚಿದಾಗ ತುಂಡುಗಳೂ ಬೇಗ ಬೇಗ ಬರುತ್ತವೆ, ಆದ್ದರಿಂದ ವೇಗದ ಹೊತ್ತಿನ ಅಳತೆಗಳೇ ಸಂಖ್ಯೆಯಲ್ಲಿ ಹೆಚ್ಚಾಗಿ ಅಂದಾಜು ಮೇಲಕ್ಕೆ ವಾಲುತ್ತದೆ.

ತೂಕವನ್ನು ಸಮಯದಿಂದಲೇ ಹುಟ್ಟಿಸಿ:

ತೂಕ = 1 − 0.5 ರ ಘಾತ (ಕಳೆದ ಸೆಕೆಂಡು ÷ ಅರ್ಧಾಯು)

ಅರ್ಧಾಯು 10 ಸೆಕೆಂಡು ಇಟ್ಟರೆ, ಕಾಲು ಸೆಕೆಂಡಿನ ಅಳತೆಗೆ 0.017, ಒಂದು ಸೆಕೆಂಡಿಗೆ 0.067, ಎರಡು ಸೆಕೆಂಡಿಗೆ 0.129, 30 ಸೆಕೆಂಡಿನ ನಂತರ ಬಂದ ಅಳತೆಗೆ 0.875. ಅಳತೆ ಯಾವ ಲಯದಲ್ಲಿ ಬಂದರೂ ಅಂದಾಜಿನ ನಡತೆ ಬದಲಾಗುವುದಿಲ್ಲ.

ತುಂಡು ಬಂದಾಗ ಬೈಟು ಕೂಡಿಸುವುದು ಮಾತ್ರ ಮಾಡಿ. ಲೆಕ್ಕ ಮಾಡುವುದು ಅರ್ಧ ಸೆಕೆಂಡಿಗೊಮ್ಮೆ ಓಡುವ ಟೈಮರಿನಲ್ಲಿ ಇರಲಿ. ಇಲ್ಲದಿದ್ದರೆ ಇನ್ನೊಂದು ತೊಂದರೆ: ಸಂಪರ್ಕ ಪೂರಾ ನಿಂತಾಗ ತುಂಡೇ ಬರುವುದಿಲ್ಲ, ಲೆಕ್ಕವೂ ಓಡುವುದಿಲ್ಲ, ಪರದೆಯಲ್ಲಿ ಹಳೆಯ ‘12 ಎಂಬಿ, 3 ನಿಮಿಷ’ ಅಂಟಿಕೊಂಡಿರುತ್ತದೆ.

4. ಕೊಡಿಯಾಲ್‌ಬೈಲ್ ಕೋಡರ್

ಒಂದು ಸಂಶಯ. ವೇಗಕ್ಕೆ ಸರಾಸರಿ ಹಾಕುವ ಬದಲು, ಬಂದ ಸೆಕೆಂಡುಗಳಿಗೇ (200, 218, 1,200…) ಸರಾಸರಿ ಹಾಕಿದರೆ ಆಗುವುದಿಲ್ವಾ? ಕೊನೆಗೆ ತೋರಿಸುವುದು ಅದನ್ನೇ ಅಲ್ವಾ?

5. ಎಂಡ್‌ಪಾಯಿಂಟ್

ಆಗುವುದಿಲ್ಲ. ಒಂದು ಸೆಕೆಂಡು 12 ಎಂಬಿ, ಇನ್ನೊಂದು ಸೆಕೆಂಡು 2 ಎಂಬಿ, ಹೀಗೇ ಸಾಗುತ್ತದೆ ಅಂತ ಇಟ್ಟುಕೊಳ್ಳಿ. ಎರಡು ಸೆಕೆಂಡಿಗೆ 14 ಎಂಬಿ, ಅಂದರೆ ವೇಗ 7. 2,400 ಎಂಬಿಗೆ 343 ಸೆಕೆಂಡು. ಇದು ನಿಜವಾದ ಉತ್ತರ. ಸೆಕೆಂಡುಗಳ ಸರಾಸರಿ ಹಾಕಿದರೆ 200 ಮತ್ತು 1,200ರ ನಡು, 700. ಎರಡು ಪಟ್ಟು ಜಾಸ್ತಿ. ಭಾಗಾಕಾರದಲ್ಲಿ ಕೆಳಗಿರುವ ಸಂಖ್ಯೆ ಚಿಕ್ಕದಾದಷ್ಟೂ ಉತ್ತರ ಉಬ್ಬುತ್ತದೆ, ಹಾಗಾಗಿ ಒಂದೇ ಒಂದು ನಿಧಾನದ ಸೆಕೆಂಡು ಇಡೀ ಸರಾಸರಿಯನ್ನು ಎಳೆದುಕೊಂಡು ಹೋಗುತ್ತದೆ. ಸೊನ್ನೆ ಬಂತೋ, ಮುಗಿಯಿತು.

ಇದರ ಕನ್ನಡಿ ಪ್ರತಿಬಿಂಬದ ತಪ್ಪು ಇನ್ನೊಂದುಂಟು. ಕೆಲವರು ಸಮಯಕ್ಕೆ ಅಲ್ಲ, ಗಾತ್ರಕ್ಕೆ ಅಳೆಯುತ್ತಾರೆ: ಪ್ರತಿ 8 ಎಂಬಿ ತುಂಡಿಗೆ ಒಂದು ವೇಗ. ಒಂದು ತುಂಡು 12ರಲ್ಲಿ, ಮುಂದಿನದ್ದು 2ರಲ್ಲಿ ಬಂದರೆ ಸರಾಸರಿ 7 ಅಲ್ಲ. ಮೊದಲನೆಯದಕ್ಕೆ 0.67 ಸೆಕೆಂಡು, ಎರಡನೆಯದಕ್ಕೆ 4 ಸೆಕೆಂಡು. 16 ಎಂಬಿಗೆ 4.67, ಅಂದರೆ 3.4 ಎಂಬಿ. ಇಲ್ಲಿ ಬೇಕಾದದ್ದು ಹರಾತ್ಮಕ ಸರಾಸರಿ. ಮಂಗಳೂರಿನಿಂದ ಉಡುಪಿಗೆ ಅರ್ಧ ದಾರಿ ಗಂಟೆಗೆ 60 ಕಿ.ಮೀ., ಉಳಿದರ್ಧ 20 ಕಿ.ಮೀ. ವೇಗದಲ್ಲಿ ಹೋದರೆ ಸರಾಸರಿ 40 ಅಲ್ಲ, 30, ಅದೇ ಲೆಕ್ಕ.

ನೆನಪಿಡಲು ಸುಲಭ: ಒಟ್ಟು ಬೈಟು ಮೇಲೆ, ಒಟ್ಟು ಸಮಯ ಕೆಳಗೆ. ಸರಾಸರಿಯನ್ನು ಬೇರೆ ಬೇರೆ ಇಟ್ಟುಕೊಂಡು ಕೊನೆಗೊಮ್ಮೆ ಮಾತ್ರ ಭಾಗಿಸಿ.

6. ಕಲ್ಸಂಕ ಕ್ರಾಸ್

ಎಲ್ಲರೂ ‘ಪೂರ್ತಿ ಸರಾಸರಿ’ಯನ್ನು ಮೂಲೆಗೆ ಹಾಕುತ್ತಿದ್ದೀರಿ, ನಾನು ಅದರ ಪರ ವಾದ ಹಾಕುತ್ತೇನೆ. ಕಮಾಂಡ್ ಕೊಟ್ಟು ಫೈಲು ಇಳಿಸುವ ವಿಗೆಟ್ ತಂತ್ರಾಂಶ ನೋಡಿ. ಅದು ತೋರಿಸುವ ವೇಗ ಕೊನೆಯ ಸುಮಾರು 3 ಸೆಕೆಂಡಿನದ್ದು: 0.15 ಸೆಕೆಂಡಿನ 20 ಅಳತೆಗಳ ಸುತ್ತುಪಟ್ಟಿ. ಆದರೆ ಉಳಿದ ಸಮಯವನ್ನು ಅದು ಲೆಕ್ಕ ಹಾಕುವುದು ಆರಂಭದಿಂದ ಬಂದ ಪೂರ್ತಿ ಸರಾಸರಿಯಿಂದ. ಅದೇ ಬಗೆಯ ಕರ್ಲ್ ಕೂಡ ಹಾಗೆಯೇ. ‘ಈಗಿನ ವೇಗ’ ಕೊನೆಯ 5 ಸೆಕೆಂಡಿನದ್ದು, ‘ಉಳಿದ ಸಮಯ’ ಒಟ್ಟು ಸರಾಸರಿಯದ್ದು. ಬರೆದವರಿಗೆ ಗೊತ್ತಿಲ್ಲದೆ ಹಾಗೆ ಮಾಡಿದ್ದಲ್ಲ. ತೋರಿಸುವ ವೇಗದ ಕೆಲಸ ‘ಈಗ ಎಂತ ಆಗ್ತಾ ಉಂಟು’ ಎಂದು ಹೇಳುವುದು. ಉಳಿದ ಸಮಯದ ಕೆಲಸ ಮುಂದಿನ ಒಂದು ಗಂಟೆಯ ಭವಿಷ್ಯ. ಎರಡಕ್ಕೂ ಒಂದೇ ಸಂಖ್ಯೆ ಬಳಸಬೇಕೆಂಬ ಕಾಯಿದೆ ಇಲ್ಲ.

30 ಜಿಬಿ ಫೈಲಿಗೆ ಇನ್ನೂ 90 ನಿಮಿಷ ಬೇಕೆಂದಿರುವಾಗ ಕೊನೆಯ 10 ಸೆಕೆಂಡಿನ ವೇಗ ಹೇಳುವುದು ಎಂತ ಮಣ್ಣು?

7. ಪಡುಬಿದ್ರಿ ಪ್ಯಾಕೆಟ್

ಏರಿಳಿತ ಒಂದೇ ಮಟ್ಟದ ಸುತ್ತ ಇದ್ದರೆ ಕಲ್ಸಂಕ ಅವರ ವಾದ ಗೆಲ್ಲುತ್ತದೆ. ಮಟ್ಟವೇ ಬದಲಾದರೆ ಸೋಲುತ್ತದೆ. ನಮ್ಮಲ್ಲಿ ಮಟ್ಟ ಬದಲಾಗುವುದು ದಿನನಿತ್ಯದ ಮಾತು: ಪ್ಲಾನಿನ ಮಿತಿ ಮುಗಿದು ವೇಗ ಇಳಿಸುವುದು, ಕರೆಂಟ್ ಹೋಗಿ ಫೈಬರಿನಿಂದ ಮೊಬೈಲ್ ಹಾಟ್‌ಸ್ಪಾಟಿಗೆ ಹಾರುವುದು.

ಲೆಕ್ಕ ನೋಡಿ. 10 ಜಿಬಿ ಫೈಲು. ಮೊದಲ 6 ಜಿಬಿ 12 ಎಂಬಿ ವೇಗದಲ್ಲಿ, 500 ಸೆಕೆಂಡು. ಅಲ್ಲಿಗೆ ಪ್ಲಾನಿನ ಮಿತಿ ಮುಗಿದು ವೇಗ 2 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್; 8 ಬಿಟ್ಟಿಗೆ ಒಂದು ಬೈಟು), ಅಂದರೆ ಸೆಕೆಂಡಿಗೆ 0.25 ಎಂಬಿ. ಒಂದು ನಿಮಿಷ ಕಳೆದ ಮೇಲೆ ನಿಜವಾಗಿ ಬಾಕಿ ಇರುವುದು 4 ಗಂಟೆ 26 ನಿಮಿಷ. ಪೂರ್ತಿ ಸರಾಸರಿ ಹೇಳುವುದು 6 ನಿಮಿಷ! 1,000 ಸೆಕೆಂಡು ಕಳೆದ ಮೇಲೂ ಅದು 15 ನಿಮಿಷ ಅನ್ನುತ್ತದೆ, ನಿಜ 4 ಗಂಟೆ 10 ನಿಮಿಷ. 10 ಸೆಕೆಂಡು ಅರ್ಧಾಯುವಿನ ಸರಾಸರಿ ಒಂದು ನಿಮಿಷಕ್ಕೆ ಎರಡೂವರೆ ಗಂಟೆ ಅನ್ನುತ್ತದೆ, 100 ಸೆಕೆಂಡಿಗೆ 4 ಗಂಟೆ 13 ನಿಮಿಷಕ್ಕೆ ಬಂದು ನಿಲ್ಲುತ್ತದೆ.

ಗಂಟೆಗಟ್ಟಲೆ ಬಾಕಿ ಇರುವಾಗ ‘10 ನಿಮಿಷ’ ಅನ್ನುತ್ತ ಕೂರುವುದಕ್ಕಿಂತ ಕುಣಿಯುವುದೇ ವಾಸಿ.

8. ಕಲ್ಸಂಕ ಕ್ರಾಸ್

ಒಪ್ಪಿದೆ. ಹಾಗಾದರೆ ಎರಡನ್ನೂ ಇಟ್ಟುಕೊಳ್ಳುವ.

ಚುರುಕಿನ ಸರಾಸರಿ ಒಂದು, ಅರ್ಧಾಯು 5 ಸೆಕೆಂಡು. ನಿಧಾನದ್ದು ಒಂದು, ಅರ್ಧಾಯು 60 ಸೆಕೆಂಡು. ಉಳಿದ ಸಮಯಕ್ಕೆ ನಿಧಾನದ್ದು. ಎರಡರ ನಡುವೆ ಮೂರು ಪಟ್ಟಿಗಿಂತ ಹೆಚ್ಚು ಅಂತರ ಬಿದ್ದು ಅದು 15 ಸೆಕೆಂಡು ಹಾಗೆಯೇ ಉಳಿದರೆ ‘ಮಟ್ಟ ಬದಲಾಗಿದೆ’ ಎಂದು ತೀರ್ಮಾನಿಸಿ, ನಿಧಾನದ್ದನ್ನು ಚುರುಕಿನದರ ಬೆಲೆಗೆ ಎಳೆದು ತಂದು ಅಲ್ಲಿಂದ ಮುಂದುವರಿಸಿ. ಮೂರು ಪಟ್ಟು, 15 ಸೆಕೆಂಡು ಇವೆಲ್ಲ ಶಾಸ್ತ್ರವಲ್ಲ, ಕೈಲೆಕ್ಕ; ನಿಮ್ಮ ಬಳಕೆದಾರರ ಸಂಪರ್ಕ ನೋಡಿ ತಿದ್ದಬೇಕು.

ಎರಡು ಸರಾಸರಿ ಇಡುವ ಉಪಾಯ ಹೊಸದಲ್ಲ. ವಿಡಿಯೊ ಪ್ಲೇಯರುಗಳಲ್ಲಿ ಎಚ್‌ಎಲ್‌ಎಸ್ ಡಾಟ್ ಜೆಎಸ್ 3 ಮತ್ತು 9 ಸೆಕೆಂಡಿನ ಅರ್ಧಾಯು ಬಳಸುತ್ತದೆ, ಶಾಕಾ ಪ್ಲೇಯರ್ 2 ಮತ್ತು 5. ಅವು ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆರಿಸುತ್ತವೆ, ಯಾಕೆಂದರೆ ವಿಡಿಯೊ ನಡುವೆ ನಿಂತರೆ ನೋಡುವವರು ಎದ್ದು ಹೋಗುತ್ತಾರೆ. ಡೌನ್‌ಲೋಡಿಗೆ ಆ ಕಡಿಮೆಯ ನಿಯಮ ಬೇಡ, ಯಾವಾಗಲೂ ಜಾಸ್ತಿ ಸಮಯ ತೋರಿಸುತ್ತದೆ.

ಇನ್ನೂ ಸಣ್ಣದಾಗಿ ಮುಗಿಸಬೇಕಿದ್ದರೆ ಒಂದೇ ಸರಾಸರಿ ಇಟ್ಟು ಅರ್ಧಾಯುವನ್ನೇ ಬದಲಿಸಿ: ಉಳಿದ ಸಮಯದ ಹತ್ತರಲ್ಲೊಂದು ಪಾಲು, 5 ಸೆಕೆಂಡಿಗಿಂತ ಕಡಿಮೆ ಬೇಡ, 60 ಸೆಕೆಂಡಿಗಿಂತ ಹೆಚ್ಚು ಬೇಡ. ದೂರದ ದಾರಿಗೆ ಉದ್ದ ನೆನಪು, ಹತ್ತಿರ ಬಂದಾಗ ಗಿಡ್ಡ ನೆನಪು.

9. ಸಜ್ಜಿಗೆ ಬಜಿಲ್

ಆರಂಭದ ಬಗ್ಗೆ ಯಾರೂ ಹೇಳಲಿಲ್ಲ. ಹೆಚ್ಚಿನ ಪ್ರೋಗ್ರಾಮುಗಳು ಎಡವುವುದು ಅಲ್ಲೇ.

ಸರಾಸರಿಯನ್ನು ಸೊನ್ನೆಯಿಂದ ಶುರು ಮಾಡಿದರೆ, 10 ಸೆಕೆಂಡು ಅರ್ಧಾಯುವಿನಲ್ಲಿ, ಸ್ಥಿರವಾಗಿ 10 ಎಂಬಿ ಬರುತ್ತಿದ್ದರೂ 5 ಸೆಕೆಂಡಿನ ಮೇಲೆ ಅಂದಾಜು 2.93 ಎಂಬಿ ಮಾತ್ರ. ಮೊದಲ ಅಳತೆಯನ್ನೇ ಆರಂಭದ ಬೆಲೆ ಮಾಡುವುದು ಒಂದು ದಾರಿ, ಆದರೆ ಮೊದಲ ಅಳತೆಗೆ ಸಿಗಬಾರದಷ್ಟು ಮರ್ಯಾದೆ ಸಿಗುತ್ತದೆ. ಸರಿಯಾದ ದಾರಿ: ಸೊನ್ನೆಯಿಂದಲೇ ಶುರು ಮಾಡಿ, ಓದುವಾಗ ಮಾತ್ರ (1 − 0.5 ರ ಘಾತ ಒಟ್ಟು ಸಮಯ ÷ ಅರ್ಧಾಯು) ಇದರಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ 2.93 ಭಾಗಿಸು 0.293, ಸರಿಯಾಗಿ 10.

ಮೊದಲ ಅಳತೆ ಯಾಕೆ ನಂಬಲಿಕ್ಕಾಗುವುದಿಲ್ಲ ಅಂದರೆ, ಟಿಸಿಪಿ (ಇಂಟರ್ನೆಟ್ಟಿನಲ್ಲಿ ಡೇಟಾ ಸಾಗಿಸುವ ಪದ್ಧತಿ) ಮೆಲ್ಲಗೆ ಹೊರಡುತ್ತದೆ. ಈಗಿನ ವ್ಯವಸ್ಥೆಗಳಲ್ಲಿ ಮೊದಲ ಸುತ್ತಿಗೆ 10 ಪ್ಯಾಕೆಟ್, ಸುಮಾರು 14.6 ಕೆಬಿ, ಪ್ರತಿ ಸುತ್ತಿಗೆ ಇಮ್ಮಡಿ. ದೂರದ ಸರ್ವರಿಗೆ ಹೋಗಿ ಬರಲು 200 ಮಿಲಿಸೆಕೆಂಡು ಹಿಡಿದರೆ 12 ಎಂಬಿ ವೇಗ ಮುಟ್ಟಲು 8 ಸುತ್ತು, 1.6 ಸೆಕೆಂಡು. ಇದಕ್ಕೆ ತದ್ವಿರುದ್ಧವಾದದ್ದೂ ಆಗುತ್ತದೆ: ‘ಎಲ್ಲಿ ಉಳಿಸಬೇಕು’ ಎಂದು ಕೇಳುವ ಪೆಟ್ಟಿಗೆ ತೆರೆದಿರುವಾಗಲೇ ಬ್ರೌಸರ್ ಹಿಂದಿನಿಂದ ಇಳಿಸುತ್ತಿರುತ್ತದೆ. ನೀವು ಸರಿ ಒತ್ತಿದ ಕೂಡಲೆ ಅದೆಲ್ಲ ಒಟ್ಟಿಗೆ ಬಂದು ಮೊದಲ ಸೆಕೆಂಡಿನ ವೇಗ ಆಕಾಶಕ್ಕೆ ಹೋಗುತ್ತದೆ. ಹಾಗಾಗಿ ಮೊದಲ 3 ಸೆಕೆಂಡು ‘ಲೆಕ್ಕ ಹಾಕುತ್ತಿದೆ’ ಅಂತ ಹಾಕಿ ಸುಮ್ಮನಿರಿ. ವಿಗೆಟ್ ಕೂಡ ಅಷ್ಟು ಹೊತ್ತು ಬಾಯಿ ಬಿಡುವುದಿಲ್ಲ.

ಅರ್ಧಕ್ಕೆ ನಿಂತ ಡೌನ್‌ಲೋಡ್ ಮುಂದುವರಿಸುವಾಗ ಹಳೆಯ ಬೈಟನ್ನು ವೇಗದ ಲೆಕ್ಕಕ್ಕೆ ಸೇರಿಸಬೇಡಿ. 3 ಜಿಬಿ ಮೊದಲೇ ಇದ್ದು 2 ಸೆಕೆಂಡು ಕಳೆದರೆ ‘ಸೆಕೆಂಡಿಗೆ 1,500 ಎಂಬಿ’ ಆಗುತ್ತದೆ. ಪ್ರಗತಿಯ ಬಾರಿಗೆ ಒಟ್ಟು ಬೈಟು, ವೇಗಕ್ಕೆ ಈ ಸಲ ಬಂದದ್ದು ಮಾತ್ರ.

10. ಕುಂದಾಪ್ರ ಸ್ಟುಡಿಯೊ

ಅರ್ಧಾಯು, ಘಾತ ಅಂತೆಲ್ಲ ನಮ್ಗೆ ಬೇಡ ಮಾರಾಯ್ರೆ. ಮದುವೆ ಫೋಟೊ, ವಿಡಿಯೊ ಇಳಿಸುಕೆ ಹಾಕಿದಾಗ ಗಿರಾಕಿ ‘ಎಷ್ಟೊತ್ತಿಗೆ ಬರ್ಲಿ’ ಅಂತ ಕೇಳ್ತ್ರು. ಬಾರು ನಂಬುಕಾಗ್ದ್ದಕ್ಕೆ ಕೈಯಲ್ಲೇ ಲೆಕ್ಕ ಹಾಕುಕೆ ಎಂತಾರು ಉಂಟಾ, ಹೇಳಿ ಕಾಂಬ.

11. ಎಂಡ್‌ಪಾಯಿಂಟ್

ಉಂಟು. ಹೊರಡುವ ಮೊದಲು: ಜಿಬಿಯನ್ನು 8,000ದಿಂದ ಗುಣಿಸಿ, ಎಂಬಿಪಿಎಸ್‌ನಿಂದ ಭಾಗಿಸಿ, ಸೆಕೆಂಡು ಬರುತ್ತದೆ. 10 ಜಿಬಿ, 40 ಎಂಬಿಪಿಎಸ್ ಆದರೆ 2,000 ಸೆಕೆಂಡು, 33 ನಿಮಿಷ. 8,000 ಯಾಕೆಂದರೆ ಪ್ಲಾನಿನ ವೇಗ ಬಿಟ್ಟಿನಲ್ಲಿ, ಫೈಲು ಬೈಟಿನಲ್ಲಿ. 100 ಎಂಬಿಪಿಎಸ್ ಅಂದರೆ 12.5 ಎಂಬಿ, ಪ್ಯಾಕೆಟ್ಟಿನ ತಲೆಬರಹಗಳ ಖರ್ಚು ಕಳೆದು ಹೆಚ್ಚೆಂದರೆ 11.8. ಗಾತ್ರದಲ್ಲೂ ಮೋಸ ಹೋಗಬೇಡಿ: ಜಾಲತಾಣ 4.7 ಜಿಬಿ ಎಂದ ಫೈಲನ್ನು ವಿಂಡೋಸ್ ಸುಮಾರು 4.38 ಎನ್ನುತ್ತದೆ, ಅದು 1,024ರ ಲೆಕ್ಕ. ಒಂದೇ ಕಡೆಯ ಸಂಖ್ಯೆ ಹಿಡಿದುಕೊಂಡರೆ ಸಾಕು.

ಇಳಿಯಲು ಶುರುವಾದ ಮೇಲೆ: ಬಂದಿರುವ ಜಿಬಿ ಬರೆದಿಡಿ, ಗಡಿಯಾರ ನೋಡಿ 5 ನಿಮಿಷ ಬಿಟ್ಟು ಪುನಃ ಬರೆಯಿರಿ. 30 ಜಿಬಿ ಫೈಲಿನಲ್ಲಿ ಮೊದಲು 6.20, ಆಮೇಲೆ 7.55 ಇದ್ದರೆ 5 ನಿಮಿಷಕ್ಕೆ 1.35. ಬಾಕಿ 22.45. ಭಾಗಿಸಿ 5ರಿಂದ ಗುಣಿಸಿದರೆ 83 ನಿಮಿಷ. ಬಾರು ಎಷ್ಟೇ ಕುಣಿಯಲಿ, 5 ನಿಮಿಷದಲ್ಲಿ ಆ ಕುಣಿತ ಬಹುಮಟ್ಟಿಗೆ ಅಡಗುತ್ತದೆ. ಗಿರಾಕಿಗೆ ಹೇಳುವಾಗ ಒಂದೂವರೆ ಪಟ್ಟು ಹೇಳಿ, ಎರಡು ಗಂಟೆ. ಸಂಜೆ ಮನೆ ಮನೆಯಲ್ಲಿ ಟಿವಿ, ಫೋನು ಶುರುವಾಗುವ ಮೊದಲು ಅಳೆದದ್ದಾದರೆ ರಾತ್ರಿ 8ಕ್ಕೆ ಅದೇ ವೇಗ ಇರುತ್ತದೆ ಎಂದು ನಂಬಬೇಡಿ, ಹೊಸದಾಗಿ ಅಳೆಯಿರಿ.

ಫೋಟೊಗಳ ಲೆಕ್ಕ ಬೇರೆ. ಪ್ರತಿ ಫೈಲಿಗೆ ಕೇಳು, ಕಾಯು, ತೆರೆ, ಮುಚ್ಚು ಎಂಬ ಖರ್ಚು ಉಂಟು. ಫೈಲೊಂದಕ್ಕೆ 0.15 ಸೆಕೆಂಡು ಅಂತ ಹಿಡಿದರೂ 12,000 ಫೋಟೊಗೆ 30 ನಿಮಿಷ; ವೇಗ ಎಷ್ಟಿದ್ದರೂ ಇದು ಕರಗುವುದಿಲ್ಲ. ತಲಾ 4 ಎಂಬಿ ಅಂದರೆ 48 ಜಿಬಿ, 11 ಎಂಬಿ ವೇಗದಲ್ಲಿ 73 ನಿಮಿಷ. ಒಟ್ಟು 103. ಬೈಟು ಮಾತ್ರ ನೋಡುವ ಬಾರು 73 ಎನ್ನುತ್ತದೆ. ಕಳಿಸುವವರ ಹತ್ತಿರ ಒಂದೇ ಜಿಪ್ ಮಾಡಿ ಕಳಿಸಲು ಹೇಳಿ. ಜೆಪೆಗ್ ಮತ್ತೆ ಕುಗ್ಗುವುದಿಲ್ಲ, ಹಾಗಾಗಿ ಕುಗ್ಗಿಸದೆ ಬರೀ ಕಟ್ಟು ಕಟ್ಟುವ ಆಯ್ಕೆ ಸಾಕು.

12. ಕುಂದಾಪ್ರ ಸ್ಟುಡಿಯೊ

ಇದು ಲಾಯ್ಕ್ ಆಯ್ತ್. 5 ನಿಮಿಷದ ಲೆಕ್ಕ ಗೋಡೆಗೆ ಅಂಟಿಸ್ತೆ.

13. ಸಜ್ಜಿಗೆ ಬಜಿಲ್

ಸ್ಟುಡಿಯೊದವರೆ, ಕಂಪ್ಯೂಟರಿಗೆ ರೌಟರಿನಿಂದ ನೇರ ಕೇಬಲ್ ಎಳೆಯಿರಿ. ನಮ್ಮ ಕಡೆಯ ಕೆಂಪುಕಲ್ಲಿನ ದಪ್ಪ ಗೋಡೆಯಲ್ಲಿ ವೈಫೈಯ 5 ಗಿಗಾಹರ್ಟ್ಸ್ ಅಲೆ 2.4ಕ್ಕಿಂತ ಬೇಗ ಸೊರಗುತ್ತದೆ, ಗೋಡೆ ಮಳೆಗೆ ನೆನೆದರೆ ಇನ್ನಷ್ಟು. ಅರ್ಧ ಏರಿಳಿತ ಇಂಟರ್ನೆಟ್ಟಿನದ್ದೇ ಅಲ್ಲ, ಗೋಡೆಯದ್ದು.

14. ಪಡುಬಿದ್ರಿ ಪ್ಯಾಕೆಟ್

ನಿಲುಗಡೆಯ ವಿಷಯಕ್ಕೆ ಬರುತ್ತೇನೆ. 5 ಸೆಕೆಂಡು ಒಂದೂ ಬೈಟು ಬರದಿದ್ದರೆ ಉಳಿದ ಸಮಯ ಅಳಿಸಿ ‘ನಿಂತಿದೆ’ ಎಂದು ಬರೆಯಿರಿ. ಸರಾಸರಿ ಮೆಲ್ಲ ಮೆಲ್ಲ ಸೊನ್ನೆಗಿಳಿದು ‘3 ದಿನ’, ‘40 ದಿನ’ ಎಂದು ತೋರಿಸುವುದು ಯಾರಿಗೂ ಉಪಯೋಗವಿಲ್ಲ.

ಆದರೆ ನಿಂತ ಸಮಯವನ್ನು ಲೆಕ್ಕದಿಂದ ಬಿಡಬೇಕಾ? ಒಮ್ಮೆ ಮಾತ್ರ ಆದದ್ದಾದರೆ ಬಿಡಿ. ಪದೇ ಪದೇ ಆಗುತ್ತಿದ್ದರೆ ಸೇರಿಸಲೇಬೇಕು. ಬೆಂಗಳೂರು–ಮಂಗಳೂರು ರೈಲಿನಲ್ಲಿ ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗ. ಅಲ್ಲಿ ಹಾಟ್‌ಸ್ಪಾಟ್ ಹಾಕಿದರೆ ಸಿಗ್ನಲ್ ಇರುವಾಗಿನ ವೇಗ 3 ಎಂಬಿ ಇರಬಹುದು, ಸಿಗ್ನಲ್ ಇರುವುದು ಹತ್ತರಲ್ಲಿ ನಾಲ್ಕು ಪಾಲು ಹೊತ್ತು ಮಾತ್ರ ಆದರೆ ನಿಜವಾದ ವೇಗ 1.2. ಎರಡು ಸಂಖ್ಯೆ ಬೇರೆ ಬೇರೆ ಇಡಿ: ಹರಿಯುವಾಗಿನ ವೇಗ, ಹರಿಯುವ ಹೊತ್ತಿನ ಪಾಲು. ಗುಣಿಸಿದ್ದರಿಂದ ಭಾಗಿಸಿ. ಪಾಲಿನ ಅರ್ಧಾಯು 5 ನಿಮಿಷವಾದರೂ ಇರಲಿ.

ಲ್ಯಾಪ್‌ಟಾಪ್ ಮುಚ್ಚಿ ತೆರೆದದ್ದು ಇನ್ನೊಂದು. ಗೋಡೆ ಗಡಿಯಾರದ ಸಮಯ (ಕಂಪ್ಯೂಟರ್ ತೋರಿಸುವ ದಿನ, ಗಂಟೆ) ಬಳಸಬೇಡಿ, ಅದನ್ನು ಸಮಯ ಹೇಳುವ ಸರ್ವರ್ ತಿದ್ದಿದಾಗ ಹಿಂದಕ್ಕೂ ಹಾರುತ್ತದೆ, ಋಣ ವೇಗ ಬರುತ್ತದೆ. ಹಿಂದೆ ಹೋಗದ ಮೊನೊಟಾನಿಕ್ ಗಡಿಯಾರ ಬಳಸಿ. ಲಿನಕ್ಸಿನಲ್ಲಿ ಅದು ನಿದ್ದೆಯ ಹೊತ್ತನ್ನು ಎಣಿಸುವುದಿಲ್ಲ, ಬೂಟ್‌ಟೈಮ್ ಗಡಿಯಾರ ಎಣಿಸುತ್ತದೆ. ಯಾವುದಾದರೂ ಸರಿ, ಎರಡು ಟಿಕ್ಕಿನ ನಡುವೆ 30 ಸೆಕೆಂಡು ಕಳೆದಿದ್ದರೆ ಆ ಅಳತೆ ಬಿಸಾಡಿ.

15. ಕೊಡಿಯಾಲ್‌ಬೈಲ್ ಕೋಡರ್

‘12ರಿಂದ 19 ನಿಮಿಷ’ ಎಂಬ ಹಾಗೆ ವ್ಯಾಪ್ತಿ ತೋರಿಸಿದರೆ? ಒಂದೇ ಸಂಖ್ಯೆಗಿಂತ ಪ್ರಾಮಾಣಿಕ ಅನಿಸುತ್ತದೆ.

16. ಎಂಡ್‌ಪಾಯಿಂಟ್

ಒಳ್ಳೆಯದು, ಆದರೆ ಅಗಲ ಎಷ್ಟು ಎಂಬುದು ಸೂಕ್ಷ್ಮ. ಟಿಸಿಪಿಯ ಉತ್ತರ ಕಾಯುವ ಅವಧಿಗೆ 1988ರಲ್ಲಿ ವ್ಯಾನ್ ಜೇಕಬ್‌ಸನ್ ಕೊಟ್ಟ ಉಪಾಯವನ್ನೇ ಎರವಲು ತರಬಹುದು: ಸರಾಸರಿಯ ಜೊತೆಗೆ ‘ಸರಾಸರಿಯಿಂದ ಎಷ್ಟು ದೂರ’ ಎಂಬುದಕ್ಕೂ ಒಂದು ಓಡುವ ಸರಾಸರಿ. ಅಲ್ಲಿ ಮೊದಲನೆಯದಕ್ಕೆ ಎಂಟರಲ್ಲೊಂದು, ಎರಡನೆಯದಕ್ಕೆ ನಾಲ್ಕರಲ್ಲೊಂದು ತೂಕ. ಸರಾಸರಿ 10 ಎಂಬಿ, ವಿಚಲನೆ 2, ಬಾಕಿ 9,000 ಎಂಬಿ ಆದರೆ 12ರಿಂದ ಭಾಗಿಸಿದಾಗ 12.5 ನಿಮಿಷ, 8ರಿಂದ ಭಾಗಿಸಿದಾಗ 18.75. ನೀವು ಬರೆದ ಸಂಖ್ಯೆಯೇ.

ಎಡವಟ್ಟು ಎಲ್ಲಿ ಅಂದರೆ, ಸೆಕೆಂಡು ಸೆಕೆಂಡಿನ ವಿಚಲನೆ ಹಾಕಿದರೆ ವ್ಯಾಪ್ತಿ ಅನಾವಶ್ಯಕವಾಗಿ ಅಗಲವಾಗುತ್ತದೆ. 900 ಸೆಕೆಂಡಿನ ದಾರಿಯಲ್ಲಿ ಒಂದೊಂದು ಸೆಕೆಂಡಿನ ಏರಿಳಿತ ಒಂದನ್ನೊಂದು ತಿಂದು ಹಾಕುತ್ತವೆ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ 30 ಪಟ್ಟು ಕುಗ್ಗುತ್ತದೆ. ನಿಜದಲ್ಲಿ ಕೆಟ್ಟ ಸೆಕೆಂಡುಗಳು ಗುಂಪಾಗಿ ಬರುತ್ತವೆ, ಅಷ್ಟು ಕುಗ್ಗುವುದಿಲ್ಲ. 30 ಸೆಕೆಂಡಿನ ಸರಾಸರಿಗಳ ನಡುವಿನ ವಿಚಲನೆ ತೆಗೆದುಕೊಳ್ಳಿ, ಸರಿಸುಮಾರು ಸರಿ ಬರುತ್ತದೆ. ವಿಚಲನೆ ಸರಾಸರಿಯ ಹತ್ತಿರ ಬಂದರೆ ಕೆಳಗಿನ ಸಂಖ್ಯೆ ಸೊನ್ನೆಯಾಗಿ ಪುನಃ ಇನ್ಫಿನಿಟಿ. ಆಗ ವ್ಯಾಪ್ತಿ ಬೇಡ, ‘ಒಂದು ಗಂಟೆಗಿಂತ ಹೆಚ್ಚು’ ಎಂದರೆ ಸಾಕು.

17. ಸಜ್ಜಿಗೆ ಬಜಿಲ್

ಪರದೆಯ ವಿಷಯದಲ್ಲಿ ಫೈರ್‌ಫಾಕ್ಸಿನ ಉಪಾಯ ನನಗೆ ಬಹಳ ಇಷ್ಟ. ವೇಗಕ್ಕೆ ಸರಾಸರಿ ಹಾಕಿದ್ದು ಸಾಲದೆಂದು ತೋರಿಸುವ ಸೆಕೆಂಡಿಗೂ ಅದು ಒಂದು ಲಗಾಮು ಹಾಕುತ್ತದೆ. ಹೊಸ ಅಂದಾಜು ಹಳೆಯದಕ್ಕಿಂತ ಹೆಚ್ಚಾದರೆ ಅಂತರದ ಹತ್ತರಲ್ಲಿ ಒಂದು ಪಾಲು ಮಾತ್ರ ಏರುತ್ತದೆ, ಕಡಿಮೆಯಾದರೆ ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. ಒಳ್ಳೆ ಸುದ್ದಿಗೆ ಅವಸರ, ಕೆಟ್ಟ ಸುದ್ದಿಗೆ ನಿಧಾನ! ಅಂದಾಜು ಒಂದೇಟಿಗೆ ಅರ್ಧಕ್ಕಿಂತ ಕೆಳಗೆ ಬಿದ್ದರೆ ಲಗಾಮು ಬಿಟ್ಟು ನೇರ ಹಾರುತ್ತದೆ. ಅಂತರ 5 ಸೆಕೆಂಡಿಗಿಂತ ಅಥವಾ ಶೇ. 5ಕ್ಕಿಂತ ಕಡಿಮೆಯಾದರೆ ಹೊಸ ಲೆಕ್ಕವನ್ನೇ ಬಿಟ್ಟು ಹಳೆಯದರಿಂದ ಚೂರು ಕಳೆಯುತ್ತದೆ, ಇಳಿಯುತ್ತಿರುವ ಹಾಗೆ ಕಾಣಲಿ ಎಂದು.

ಎಂಡ್‌ಪಾಯಿಂಟ್ ಅವರು ಹೇಳಿದ್ದಕ್ಕೂ ಇದಕ್ಕೂ ಜಗಳ ಇಲ್ಲ. ಭವಿಷ್ಯ ಹೇಳುವ ಲೆಕ್ಕ ವೇಗದ ಮೇಲೆ, ಇದು ಬರೀ ಕಣ್ಣಿಗೆ ತಂಪು.

ಸಂಖ್ಯೆ ಸೆಕೆಂಡಿಗೊಮ್ಮೆಗಿಂತ ಹೆಚ್ಚು ಬದಲಾಗಬಾರದು. ಗಂಟೆಗಿಂತ ಮೇಲಿದ್ದರೆ 5 ನಿಮಿಷದ ಲೆಕ್ಕದಲ್ಲಿ, 10 ನಿಮಿಷದ ಮೇಲೆ ಇಡೀ ನಿಮಿಷ, ಒಂದು ನಿಮಿಷದ ಮೇಲೆ ಅರ್ಧ ನಿಮಿಷ, ಅದಕ್ಕೂ ಕೆಳಗೆ 5 ಸೆಕೆಂಡು. ‘1 ಗಂಟೆ 23 ನಿಮಿಷ 41 ಸೆಕೆಂಡು’ ಎಂದು ಬರೆಯುವುದು ಸುಳ್ಳು ನಿಖರತೆ.

18. ಕಲ್ಸಂಕ ಕ್ರಾಸ್

ಶೇ. 99ರಲ್ಲಿ ನಿಲ್ಲುವುದಕ್ಕೆ ಮೂರು ಕಾರಣ ಹೇಳಿ ಬಿಡುತ್ತೇನೆ.

ತುಂಡು ತುಂಡಾಗಿ ಇಳಿಸುವ ತಂತ್ರಾಂಶ. 8 ತುಂಡು, ಒಟ್ಟು 12 ಎಂಬಿ, ತಲಾ 1.5. ಏಳು ಮುಗಿದು ಒಂದರಲ್ಲಿ 90 ಎಂಬಿ ಉಳಿದರೆ ಒಟ್ಟು ವೇಗದ ಲೆಕ್ಕ 7.5 ಸೆಕೆಂಡು ಎನ್ನುತ್ತದೆ, ಸರ್ವರ್ ಪ್ರತಿ ಸಂಪರ್ಕಕ್ಕೆ ಮಿತಿ ಹಾಕಿದ್ದರೆ ಹಿಡಿಯುವುದು ಒಂದು ನಿಮಿಷ. ಪ್ರತಿ ತುಂಡಿನ ಉಳಿದ ಸಮಯ ಬೇರೆ ಬೇರೆ ತೆಗೆದು ಅತಿ ದೊಡ್ಡದನ್ನು ತೋರಿಸಬೇಕು. ಅಂದ ಹಾಗೆ ಇಂಥದ್ದೇ ತಂತ್ರಾಂಶ ಏರಿಯಾ2ರಲ್ಲಿ 5 ತುಂಡು ತಾನಾಗಿಯೇ ಇದ್ದರೂ ಒಂದು ಸರ್ವರಿಗೆ ಸಂಪರ್ಕ ಒಂದೇ. ಆ ಆಯ್ಕೆ ಏರಿಸದೆ ‘ವೇಗ ಹೆಚ್ಚಾಗಲಿಲ್ಲ’ ಎಂದು ದೂರುವವರು ಬಹಳ.

ಎರಡನೆಯದು, ಇಳಿದ ಮೇಲಿನ ಕೆಲಸ: ವೈರಸ್ ತಪಾಸಣೆ, ಚೆಕ್‌ಸಮ್ (ಫೈಲು ಸರಿಯಾಗಿ ಬಂದಿದೆಯೇ ಎಂಬ ತಾಳೆ), ಡಿಸ್ಕಿಗೆ ಬರೆದು ಮುಗಿಸುವುದು. ಪೆನ್‌ಡ್ರೈವಿಗೆ ನೇರ ಇಳಿಸಿದರೆ ಇದು ನಿಮಿಷಗಟ್ಟಲೆ. ಅದಕ್ಕೆ ‘ಪರಿಶೀಲಿಸುತ್ತಿದೆ’ ಎಂಬ ಬೇರೆ ಹೆಸರು ಕೊಡಿ, ಡೌನ್‌ಲೋಡಿನ ಬಾರಿನಲ್ಲಿ ತುರುಕಬೇಡಿ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಫೈಲು ಹಿಡಿಸುವುದೇ ಇಲ್ಲ.

ಮೂರನೆಯದು ಗಾತ್ರವೇ ತಪ್ಪು. ಸರ್ವರ್ ಕಂಟೆಂಟ್-ಲೆಂಗ್ತ್ (ಕಳಿಸುವ ಒಟ್ಟು ಬೈಟು) ಕಳಿಸದಿದ್ದರೆ ಉಳಿದ ಸಮಯ ಹೇಳಲಿಕ್ಕಾಗುವುದಿಲ್ಲ, ಬಂದ ಎಂಬಿ ಮತ್ತು ವೇಗ ಮಾತ್ರ ತೋರಿಸಿ. ಜಿಜಿಪ್ ಹಾಕಿ ಕಳಿಸಿದರೆ ಆ ಸಂಖ್ಯೆ ಕುಗ್ಗಿಸಿದ ಗಾತ್ರದ್ದು, ಬ್ರೌಸರಿನಲ್ಲಿ ಎಣಿಸುವ ಬೈಟು ಬಿಚ್ಚಿದ ಮೇಲಿನದ್ದು, ಬಾರು ಶೇ. 100 ದಾಟಿ ಓಡುತ್ತದೆ. ವಿಡಿಯೊ ಫೈಲಿಗೆ ಜಿಜಿಪ್ ಹಾಕಿ ಲಾಭವಿಲ್ಲ, ಸರ್ವರಿನಲ್ಲೇ ನಿಲ್ಲಿಸಿ.

19. ಕೊಡಿಯಾಲ್‌ಬೈಲ್ ಕೋಡರ್

ಎರಡು ಸರಾಸರಿ, ಅರ್ಧ ಸೆಕೆಂಡಿನ ಟೈಮರ್, ಫೈರ್‌ಫಾಕ್ಸ್ ಲಗಾಮು ಹಾಕಿ ನೋಡುತ್ತೇನೆ. 5 ಮತ್ತು 60 ಸರಿಯಾ, 10 ಮತ್ತು 120 ಸರಿಯಾ ಎಂದು ತೀರ್ಮಾನಿಸುವುದು ಹೇಗೆ?

20. ಪಡುಬಿದ್ರಿ ಪ್ಯಾಕೆಟ್

ಪ್ರತಿ ಸಲ ಇಳಿಸಿ ನೋಡುತ್ತ ಕೂರಬೇಡಿ. ಅರ್ಧ ಸೆಕೆಂಡಿಗೊಂದು ಸಾಲು ಬರೆದಿಡಿ: ಕಳೆದ ಸಮಯ, ಈವರೆಗಿನ ಬೈಟು. ಫೈಬರ್, ಮೊಬೈಲ್, ಸಂಜೆ, ಬೆಳಿಗ್ಗೆ, ನಡುವೆ ಕೇಬಲ್ ಕಿತ್ತದ್ದು, ಹೀಗೆ ಹತ್ತಿಪ್ಪತ್ತು ಡೌನ್‌ಲೋಡಿನ ದಾಖಲೆ ಸಾಕು. ವೇಗ ಬೇಕೆಂದೇ ಇಳಿಸಲು ಕ್ರೋಮಿನ ಡೆವಲಪರ್ ಪರಿಕರದಲ್ಲಿ ಥ್ರಾಟ್ಲಿಂಗ್ ಉಂಟು, ಕರ್ಲ್‌ಗೆ ಲಿಮಿಟ್-ರೇಟ್ ಉಂಟು. ಆ ದಾಖಲೆಗಳನ್ನು ಬೇರೆ ಬೇರೆ ಅರ್ಧಾಯುವಿನ ಲೆಕ್ಕಕ್ಕೆ ಉಣಿಸಿ. ಯಾವಾಗ ಮುಗಿಯಿತೆಂದು ಈಗ ಗೊತ್ತಿದೆ, ಹಾಗಾಗಿ ಪ್ರತಿ ಸಾಲಿನಲ್ಲಿ ಅಂದಾಜನ್ನು ನಿಜದಿಂದ ಭಾಗಿಸಬಹುದು.

ಭಾಗಲಬ್ಧದ ಲಾಗರಿದಮ್ ತೆಗೆದು, ಋಣ ಚಿಹ್ನೆ ಬಿಟ್ಟು ಸರಾಸರಿ ಹಾಕಿ, ಆಗ ಎರಡು ಪಟ್ಟು ಹೆಚ್ಚು ಹೇಳಿದ್ದಕ್ಕೂ ಅರ್ಧ ಹೇಳಿದ್ದಕ್ಕೂ ಒಂದೇ ದಂಡ. ಪಕ್ಕದಲ್ಲಿ ಇನ್ನೊಂದು ಸಂಖ್ಯೆ: ಪರದೆಯ ಅಂದಾಜು ನಿಮಿಷಕ್ಕೆ ಎಷ್ಟು ಸಲ ಮೇಲಕ್ಕೆ ಹೋಯಿತು. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ನೀವೇ ಆರಿಸಬೇಕು. ದಾಖಲೆಯಲ್ಲಿ ಸಮಯ ಮತ್ತು ಬೈಟು ಬಿಟ್ಟು ಬೇರೆ ಎಂತದೂ ಬೇಡ. ಬಳಕೆದಾರರ ಐಪಿ ವಿಳಾಸ, ಫೈಲಿನ ಹೆಸರು ಬರೆಯುವ ಸಾಲು ಇದ್ದರೆ ಮೊದಲೇ ತೆಗೆದು ಬಿಡಿ.